ಎಷ್ಟು ಟನ್ ಅಂತ ಅಂಗಡಿಯವರನ್ನಲ್ಲ, ರೂಮನ್ನ ಕೇಳಿ

ಏಪ್ರಿಲ್ ಬಂತು ಅಂದ್ರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲಾ ಕಡೆ ಒಂದೇ ಪ್ರಶ್ನೆ: "ರೂಮಿಗೆ ಎಷ್ಟು ಟನ್ ಎಸಿ ಹಾಕಿಸ್ಲಿ?" ಉತ್ತರವೂ ಒಂದೇ: "ಒಂದೂವರೆ ಟನ್ ಹಾಕಿಸ್ಬಿಡ್ರಿ, ಚಿಂತಿನೇ ಇರಂಗಿಲ್ಲ." ರೂಮ್ ಎಷ್ಟು ದೊಡ್ಡದು, ಮೇಲೆ ಇನ್ನೊಂದು ಮಹಡಿ ಇದೆಯಾ, ಕಿಟಕಿ ಯಾವ ದಿಕ್ಕಿಗಿದೆ ಅಂತ ಯಾರೂ ಕೇಳಲ್ಲ. ಎಂಜಿನಿಯರಿಂಗ್ ಓದೋ ಮಕ್ಕಳಿರೋ ಮನೆಯಲ್ಲೂ ಕೇಳಲ್ಲ. ನನ್ನ ವಾದ ಇಷ್ಟೇ: ಕೊಳ್ಳೋ ಮೊದಲು ಈ ಲೆಕ್ಕವನ್ನ ನಾವೇ ಮಾಡಿಕೊಡಬೇಕು. ಯಾಕಂದ್ರೆ ಕಂತು ಕಟ್ಟೋದು, ಆಮೇಲೆ ವರ್ಷಗಟ್ಟಲೆ ಕರೆಂಟ್ ಬಿಲ್ ಕಟ್ಟೋದು ನಮ್ಮ ಅಪ್ಪ-ಅಮ್ಮ.

ಮೊದಲು ಟನ್ ಅಂದ್ರೇನು ನೋಡೋಣ. ಅದು ಮಷೀನಿನ ತೂಕ ಅಲ್ಲ. ಸುಮಾರು 907 ಕೆಜಿ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತೋ ಅಷ್ಟು ಶಾಖ ಹೊರಹಾಕುವ ಶಕ್ತಿ 1 ಟನ್. ನಮ್ಮ ಭಾಷೆಯಲ್ಲಿ ಸುಮಾರು 3,500 ವಾಟ್. ಅಂದ್ರೆ ಪ್ರಶ್ನೆ ಸರಳ: ರೂಮಿನೊಳಗೆ ಎಷ್ಟು ವಾಟ್ ಶಾಖ ಬರ್ತಿದೆ? ಚಳಿ ದೇಶದವರು ರೂಮ್ ಬಿಸಿ ಮಾಡೋ ರೇಡಿಯೇಟರ್ ಕೊಳ್ಳುವಾಗಲೂ ಇದೇ ಲೆಕ್ಕ, ಉಲ್ಟಾ ಅಷ್ಟೆ. ಅಲ್ಲಿ ಎಷ್ಟು ಶಾಖ ಹೊರಗೆ ಹೋಗುತ್ತೆ ಅಂತ ನೋಡ್ತಾರೆ.

ಒಂದು ಉದಾಹರಣೆ ತಗೊಳ್ಳಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ರೂಮ್. ಮೇಲೆ ಬರಿ ಆರ್‌ಸಿಸಿ, ಪಶ್ಚಿಮಕ್ಕೆ ಒಂದು ಗೋಡೆ, ಅದರಲ್ಲಿ ಪರದೆ ಇಲ್ಲದ ಕಿಟಕಿ. ಹೊರಗೆ 38 ಡಿಗ್ರಿ, ಒಳಗೆ 25 ಬೇಕು. ನನ್ನ ಅಂದಾಜು ಲೆಕ್ಕದಲ್ಲಿ ಛಾವಣಿಯಿಂದ 950 ವಾಟ್, ಕಿಟಕಿಯಿಂದ 600, ಪಶ್ಚಿಮದ ಗೋಡೆಯಿಂದ 330, ಉಳಿದ ಗೋಡೆಗಳಿಂದ 450, ಇಬ್ಬರು ಮನುಷ್ಯರಿಂದ 240, ಫ್ಯಾನು-ಲೈಟು-ಲ್ಯಾಪ್‌ಟಾಪಿಂದ 150, ಸಂದಿಗಳಲ್ಲಿ ನುಗ್ಗೋ ಗಾಳಿಯಿಂದ 140. ಒಟ್ಟು 2,860 ವಾಟ್, ಅಂದ್ರೆ ಸುಮಾರು 0.8 ಟನ್. 1 ಟನ್ ಎಸಿ ಸಾಕು.

ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರ್ತಿರೋದು ಛಾವಣಿ ಮತ್ತು ಕಿಟಕಿ ಎರಡರಿಂದಲೇ. ಛಾವಣಿಗೆ ಬಿಳಿ ಕೋಟಿಂಗ್ ಹೊಡೆಸಿ, ಕಿಟಕಿಗೆ ಹೊರಗಿಂದ ನೆರಳು ಮಾಡಿದ್ರೆ ಇದೇ ರೂಮಿನ ಲೆಕ್ಕ 2,000 ವಾಟ್ ಆಸುಪಾಸಿಗೆ ಇಳಿಯಬಹುದು. ನಮ್ಮ ಹಳ್ಳಿಗಳ ಮಾಳಿಗೆ ಮನೆ ಮಧ್ಯಾಹ್ನವೂ ತಂಪಾಗಿರೋದು ಇದಕ್ಕೇ. ದಪ್ಪ ಮಣ್ಣು ಬಿಸಿಲನ್ನ ಬೇಗ ಒಳಗೆ ಬಿಡಲ್ಲ.

"ದೊಡ್ಡದಿದ್ರೆ ಏನು ನಷ್ಟ? ಇನ್ವರ್ಟರ್ ಎಸಿ ತಾನೇ ಕಡಿಮೆ ಮಾಡ್ಕೊಳ್ಳುತ್ತೆ" ಅಂತ ಕೇಳ್ತೀರಿ. ಸ್ವಲ್ಪ ನಿಜ. ಆದ್ರೆ ಅದಕ್ಕೂ ಒಂದು ಕನಿಷ್ಠ ಮಿತಿ ಇದೆ, ಮತ್ತು ಹೆಚ್ಚಿನ ಬೆಲೆ ಮೊದಲೇ ಕೊಟ್ಟಾಗಿರುತ್ತೆ. ಇನ್ವರ್ಟರ್ ಇಲ್ಲದ್ದಾದ್ರೆ ಬೇಗ ತಂಪು ಮಾಡಿ ನಿಂತುಬಿಡುತ್ತೆ, ಮತ್ತೆ ಶುರುವಾಗುತ್ತೆ. ಗಾಳಿಯ ತೇವ ತೆಗೆಯೋಕೆ ಸಮಯವೇ ಸಿಗಲ್ಲ. ಮಳೆಗಾಲದಲ್ಲಿ ರೂಮ್ ತಣ್ಣಗಿದ್ರೂ ಜಿಗಿಜಿಗಿ ಅನ್ಸುತ್ತೆ. ಹಾಗಂತ ಎಲ್ಲರಿಗೂ ಚಿಕ್ಕದೇ ಸರಿ ಅಂತಲ್ಲ. ಇಂಥದ್ದೇ ಬಿಸಿಲು ಬೀಳೋ, ಆರು ಜನ ಕೂರೋ ದೊಡ್ಡ ಹಾಲಿಗೆ ಒಂದೂವರೆ ಟನ್ನೂ ಸಾಲದೆ ಹೋಗಬಹುದು.

ಎಸಿ ಬೇಕೇ ಬೇಕಾ ಅನ್ನೋದೂ ಕೇಳಬೇಕಾದ ಪ್ರಶ್ನೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನದ ಗಾಳಿ ಒಣಗಾಳಿ, ಅದಕ್ಕೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ. ಅದಕ್ಕೂ ಸೈಜ್ ಇದೆ: ರೂಮಿನ ಗಾಳಿ ಎರಡು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗಬೇಕು. ಮೇಲಿನ ರೂಮಿಗೆ ಗಂಟೆಗೆ ಸುಮಾರು 1,000 ಘನ ಮೀಟರ್ ಗಾಳಿ ಕೊಡೋ ಕೂಲರ್ ಸಾಕು. ಆದ್ರೆ ಎದುರಿನ ಕಿಟಕಿ ತೆರೆದಿರಲೇಬೇಕು. ಮುಚ್ಚಿದ್ರೆ ತೇವ ಒಳಗೇ ಉಳಿದು ಬೆವರು ಬಿಡೋಕೆ ಶುರು.

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳನ್ನ ನೋಡ್ರಿ. ಮೆಣಸಿನಕಾಯಿಯ ಬಣ್ಣ ಕೆಡಬಾರದು ಅಂತ ಅಲ್ಲಿ ಗೋಡೆ-ಛಾವಣಿಗೆ ಇನ್ಸುಲೇಶನ್ ಇರುತ್ತೆ, ಒಳಗೆ ಬರೋ ಶಾಖದ ಲೆಕ್ಕ ಹಾಕಿ ಮಷೀನ್ ಕೂರಿಸ್ತಾರೆ. ಮೆಣಸಿನಕಾಯಿ ಚೀಲಕ್ಕೆ ಹಾಕೋ ಲೆಕ್ಕವನ್ನ, ಮೇಲ್ಮಹಡಿಯಲ್ಲಿ ನಿದ್ದೆ ಬಾರದೆ ಹೊರಳಾಡೋ ಅಜ್ಜಿಗೆ ಯಾಕೆ ಹಾಕಬಾರದು?

ಹೀಟ್ ಟ್ರಾನ್ಸ್‌ಫರ್ ಪೇಪರ್ ಇನ್ನೂ ಬಂದಿಲ್ಲ ಅನ್ನಬೇಡಿ. ಇಲ್ಲಿರೋದು ಬರಿ ಗುಣಾಕಾರ, ಕೂಡೋದು. ಸಿವಿಲ್‌ನವರು ಛಾವಣಿ ನೋಡ್ಲಿ, ಸಿಎಸ್‌ನವರು ಇದಕ್ಕೊಂದು ಕನ್ನಡದ ಪುಟ್ಟ ಆ್ಯಪ್ ಮಾಡ್ಲಿ. ಉಳಿದವರು ಈ ಭಾನುವಾರ ಊರಿಗೆ ಹೋದಾಗ ಒಂದು ಟೇಪ್ ಹಿಡಿದು ಮಾಳಿಗೆ ಹತ್ತಿ. ಮೊದಲು ನೆರಳು ಮತ್ತು ಸುಣ್ಣ, ಆಮೇಲೆ ಲೆಕ್ಕ, ಕೊನೆಗೆ ಅಂಗಡಿ.