ಮಗ್ಗದಲ್ಲಿ ಹುಟ್ಟಿದ ಚೌಕುಳಿ

ಗೃಹಪ್ರವೇಶ ಹತ್ತಿರ ಬಂದಾಗ ಪರದೆ, ಸೋಫಾ ಕವರು, ದಿಂಬಿನ ಗಲೀಫು ಕೊಳ್ಳಲು ಹೊರಟವರಿಗೆ ಈಗ ಮೊಬೈಲೇ ಮೊದಲ ಅಂಗಡಿ. ಅದರ ತುಂಬ ಕೆಲವು ವರ್ಷಗಳಿಂದ ಚೆಕ್ಸ್ ಕಾಣುತ್ತಿದೆ. ಕಪ್ಪು ಬಿಳುಪಿನ ದೊಡ್ಡ ಮನೆಗಳದ್ದಕ್ಕೆ ಬಫಲೋ ಚೆಕ್, ಸಣ್ಣ ಮನೆಗಳದ್ದಕ್ಕೆ ಗಿಂಗಂ, ಗೆರೆಯ ಮೇಲೆ ಗೆರೆ ಹಾಯ್ದದ್ದಕ್ಕೆ ಟಾರ್ಟನ್. ಹೆಸರು ಕೇಳಿದರೆ ಎಲ್ಲೋ ದೂರದಿಂದ ಬಂದ ಹೊಸ ಷೋಕಿ ಎನಿಸುತ್ತದೆ. ಎರಡು ವರ್ಷದಲ್ಲಿ ಹಳತಾಗುವ ಮಾಲಿಗೆ ದುಡ್ಡು ಸುರಿಯುವುದೇ ಎಂಬ ಅನುಮಾನವೂ ಬೆನ್ನಿಗೇ ಬರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮನೆಗಳು ಈ ಅನುಮಾನ ಪಡಬೇಕಾಗಿಲ್ಲ. ಗಂಡಸರ ಲುಂಗಿಯಲ್ಲಿ, ಹೆಗಲ ಮೇಲಿನ ವಲ್ಲಿಯಲ್ಲಿ, ಅಜ್ಜಿಯ ನೂಲಿನ ಸೀರೆಯಲ್ಲಿ, ಆ ಸೀರೆ ಸವೆದ ಮೇಲೆ ಅದರಿಂದಲೇ ಹೊಲಿದ ಕೌದಿಯಲ್ಲಿ ಚೌಕುಳಿ ಮೊದಲಿಂದಲೂ ಇತ್ತು. ಮೈಮೇಲಿದ್ದದ್ದು ಈಗ ಕಿಟಕಿಗೂ ಸೋಫಾಕ್ಕೂ ಬಂದಿದೆ, ಅಷ್ಟೇ.

ಚೌಕುಳಿ ಯಾಕೆ ಹಳತಾಗುವುದಿಲ್ಲ ಎಂಬುದಕ್ಕೆ ಉತ್ತರ ಮಗ್ಗದಲ್ಲಿದೆ. ಉದ್ದಕ್ಕೆ ಬಿಗಿಯುವ ಹಾಸಿನ ನೂಲನ್ನು ಎರಡು ಬಣ್ಣದಲ್ಲಿ ಸರದಿಯಂತೆ ಜೋಡಿಸಿ, ಅಡ್ಡಕ್ಕೆ ಹೊಗುವ ಹೊಕ್ಕಿನ ಲಾಳಿಯನ್ನೂ ಅದೇ ಲೆಕ್ಕದಲ್ಲಿ ಬದಲಿಸುತ್ತ ಹೋದರೆ ಚೌಕ ತಾನಾಗಿಯೇ ಮೂಡುತ್ತದೆ. ಹೂವು, ಬಳ್ಳಿ, ನವಿಲು ನೇಯಲು ಜಕಾರ್ಡ್ ಯಂತ್ರ ಬೇಕು, ಇಲ್ಲವೇ ಎಳೆ ಎತ್ತಿ ಕೂಡಿಸುವ ತಾಳ್ಮೆ ಬೇಕು. ಚೌಕುಳಿಗೆ ನೇಕಾರನ ಎಣಿಕೆಯೊಂದೇ ಸಾಕು. ಎರಡು ಬಣ್ಣ ಎದುರಾದ ಕಡೆ ಮೂರನೆಯ ಬಣ್ಣವೊಂದು ಕಾಣಿಸಿಕೊಳ್ಳುತ್ತದೆ. ಕೆಂಪು ಹಾಸಿಗೆ ಬಿಳಿ ಹೊಕ್ಕು ಸೇರಿದಲ್ಲಿ ತೆಳು ಗುಲಾಬಿ ಕಾಣುತ್ತದಲ್ಲ, ಅದನ್ನು ಯಾರೂ ಬಳಿದಿಲ್ಲ. ನೂಲಿಗೇ ಬಣ್ಣ ಹಾಕಿ ನೇಯ್ದದ್ದಾದ್ದರಿಂದ ಇಂಥ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಪರದೆಯಾಗಿ ತೂಗಿದರೆ ಬೀದಿಯಿಂದ ನೋಡಿದವರಿಗೂ ಮನೆಯೊಳಗೆ ಕೂತವರಿಗೂ ಒಂದೇ ಚೆಂದ.

ಹೀಗೆ ಸುಲಭವಾಗಿ ಹುಟ್ಟುವುದರಿಂದಲೇ ಅದು ಎಲ್ಲ ಕಡೆ, ಎಲ್ಲ ಕಾಲಕ್ಕೂ ಹುಟ್ಟಿದೆ. ಚೀನಾದ ಪಶ್ಚಿಮ ಭಾಗದ ತಾರಿಮ್ ಮರುಭೂಮಿ ಸೀಮೆಯ ಗೋರಿಗಳಲ್ಲಿ ಸುಮಾರು 3000 ವರ್ಷ ಹಳೆಯ ಉಣ್ಣೆಯ ಚೌಕುಳಿ ಸಿಕ್ಕಿದೆ. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ರೋಮನ್ ಬೆಳ್ಳಿ ನಾಣ್ಯ ತುಂಬಿದ ಮಡಕೆಯೊಂದರ ಬಾಯಿಗೆ ತುರುಕಿದ್ದ ಬಟ್ಟೆಯ ತುಂಡು 3ನೇ ಶತಮಾನದ್ದು. ಅದರಲ್ಲಿ ಬಣ್ಣದ ಹಂಗೇ ಇಲ್ಲ. ಕಂದು ಉಣ್ಣೆಗೆ ಬಿಳಿ ಉಣ್ಣೆ ಕೂಡಿಸಿ ನೇಯ್ದದ್ದು. ಕೂಡ್ಲಿಗಿ ಸೀಮೆಯ ಕುರುಬರೂ ಕರಿ ಉಣ್ಣೆಯನ್ನು ಅದರ ಸಹಜ ಬಣ್ಣದಲ್ಲೇ ಕಂಬಳಿಗೆ ಬಳಸುತ್ತ ಬಂದವರು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನ ಮೈಮೇಲೆ ಕಾಣುವುದೂ ಆ ಕರಿ ಕಂಬಳಿಯೇ. ಕಂಬಳಿ ಚೌಕುಳಿಗೆ ತಿರುಗಲಿಲ್ಲ, ಗೆರೆಯಲ್ಲೇ ನಿಂತಿತು. ಅದರ ಗಾಂಭೀರ್ಯ ಬೇರೆ.

ಸುತ್ತಲಿನ ಮಗ್ಗಗಳಲ್ಲಿ ಮಾತ್ರ ಚೌಕುಳಿ ದಂಡಿಯಾಗಿತ್ತು. ಇಳಕಲ್ ಸೀರೆಯ ಒಡಲಲ್ಲಿ ಗೆರೆಯ ಜೊತೆಗೆ ಚೌಕವೂ ಬರುತ್ತದೆ. ಗಜೇಂದ್ರಗಡದ ಕಡೆಯ ಪಟ್ಟೆದಂಚು ಸೀರೆ ಮೈತುಂಬ ಸಣ್ಣ ಚೌಕುಳಿ ಹೊತ್ತದ್ದು, ಬದಿಗೆ ಗಾಢ ಬಣ್ಣದ ಅಂಚು, ಎರಡೂ ಮಗ್ಗುಲಿಂದ ಉಡಬಹುದು. ಸವದತ್ತಿ ಎಲ್ಲಮ್ಮನಿಗೆ ಅರ್ಪಿಸುತ್ತಿದ್ದ ಈ ಸೀರೆ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ಜವಳಿ ಸಂಶೋಧಕಿ ಹೇಮಲತಾ ಜೈನ್ ಅದನ್ನು ಹುಡುಕಿ ಮತ್ತೆ ಮಗ್ಗಕ್ಕೆ ಏರಿಸಿದರು. ಕರಾವಳಿಯ ಉಡುಪಿ ಸೀರೆಯದೂ ಇಂಥದೇ ಕಥೆ. ಸಣ್ಣ ಚೌಕುಳಿಗೆ ಹೆಸರಾದ ಅದಕ್ಕೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಫ್ಯಾಷನ್ ಎಂಬುದು ಸತ್ತರೆ ಸತ್ತಂತೆಯೇ. ಸತ್ತಿತೆಂದುಕೊಂಡ ಚೌಕುಳಿಯನ್ನು ಜನ ಮತ್ತೆ ಮತ್ತೆ ಎಬ್ಬಿಸಿ ಕೂರಿಸಿದ್ದಾರೆ.

ಕೂಡ್ಲಿಗಿ ಸೀಮೆಗೂ ಚೌಕುಳಿಗೂ ಇನ್ನೊಂದು ನಂಟೂ ಇದೆ. ಈ ಸೀಮೆ ಬಳ್ಳಾರಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಇದು ಮದ್ರಾಸಿನ ಆಡಳಿತದ್ದು. ಅದೇ ಮದ್ರಾಸಿನ ಹೆಸರು ಹೊತ್ತ ಚೌಕುಳಿ ಜಗತ್ತೆಲ್ಲ ಸುತ್ತಿತು. 1958ರಲ್ಲಿ ಅಮೆರಿಕದ ವರ್ತಕ ವಿಲಿಯಂ ಜೇಕಬ್ಸನ್, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕಣ್ಣೂರಿನ ಸಿ.ಪಿ. ಕೃಷ್ಣನ್ ನಾಯರ್ ಅವರಿಂದ ಮದ್ರಾಸ್ ಬಟ್ಟೆ ಕೊಂಡ. ಬ್ರೂಕ್ಸ್ ಬ್ರದರ್ಸ್ ಅದರ ಉಡುಪು ಮಾರಿತು. ತಣ್ಣೀರಲ್ಲಿ ತೊಳೆಯಬೇಕೆಂಬ ಮಾತು ಗಿರಾಕಿಗಳಿಗೆ ತಲುಪಲಿಲ್ಲ, ಬಣ್ಣ ಬಿಟ್ಟಿತು, ದೂರು ಬಂದವು. ಆಗ ಜಾಹೀರಾತಿನವರು ಆ ದೋಷವನ್ನೇ ಗುಣವೆಂದು ಸಾರಿದರು: ಬಣ್ಣ ಬಿಡುವುದು ಖಾತ್ರಿ, ಪ್ರತಿ ಒಗೆತಕ್ಕೂ ಹೊಸ ಚೆಲುವು! ಜನ ಮುಗಿಬಿದ್ದು ಕೊಂಡರು. ಬಣ್ಣ ಕಲಸಿದರೂ ಚೌಕ ಉಳಿದಿತ್ತಲ್ಲ, ಕೊಂಡವರಿಗೆ ಅದೇ ಸಾಕಾಗಿತ್ತು.

ಮನೆಯ ಅಲಂಕಾರದ ವಿಷಯಕ್ಕೆ ಬಂದರೆ ಈ ಭಾಗದ ನಿಜವಾದ ಆಸ್ತಿ ಕೌದಿ. ಹಳೆಯ ನೂಲಿನ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಚೌಕ ಚೌಕವಾಗಿ ಜೋಡಿಸಿ, ಸಣ್ಣ ಹೊಲಿಗೆಯ ಸಾಲು ಓಡಿಸುತ್ತಾರೆ. ಬಾಣಂತಿಯ ಕೋಣೆಯಲ್ಲಿ, ಕೂಸಿನ ತೊಟ್ಟಿಲಲ್ಲಿ ಕೌದಿಯಷ್ಟು ಮೆತ್ತಗಿನದು ಬೇರೆ ಇಲ್ಲ. ಎಷ್ಟೋ ವರ್ಷ ಒಗೆಸಿಕೊಂಡ ನೂಲು ಅದು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿಯ ಮೂಲೆಗಳಲ್ಲಿ ಫೂಲ ಎಂಬ ಮಡಚಿದ ಮುಕ್ಕೋನಗಳು ಇರಲೇಬೇಕು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದ ಮೇಲೆ ಆ ಕವಂದಿಗಳು ಅಲ್ಲಿನ ಪ್ರದರ್ಶನಗಳಿಗೂ ಹೋದವು. ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರಿನ ಲಂಬಾಣಿ ಕಸೂತಿಗೂ ದೊಡ್ಡ ಊರುಗಳಲ್ಲಿ ಬೆಲೆ ಬಂದಿದೆ. ಇಷ್ಟಾದರೂ ಇಲ್ಲಿಯ ಎಷ್ಟೋ ಮನೆಗಳಲ್ಲಿ ನೆಂಟರು ಬರುತ್ತಾರೆಂದರೆ ಕೌದಿಯನ್ನು ಅಟ್ಟಕ್ಕೆ ಎಸೆದು, ಹೂವಿನ ಚಿತ್ರದ ಪಾಲಿಯೆಸ್ಟರ್ ಹೊದಿಕೆ ಹಾಸುತ್ತಾರೆ. ಇದು ಸಂಕಟದ ಸಂಗತಿ.

ಹಾಗೆಂದು ಎಲ್ಲ ಚೌಕುಳಿಯೂ ಬಾಳುವುದಿಲ್ಲ. ಒಂದು ಮಗ್ಗುಲಿಗೆ ಮಾತ್ರ ಅಚ್ಚು ಹಾಕಿದ ಪಾಲಿಯೆಸ್ಟರ್ ಚೆಕ್ಸ್ ಹಿಂಬದಿಯಲ್ಲಿ ಮಂಕಾಗೇ ಇರುತ್ತದೆ. ಅಚ್ಚು ಸೊಟ್ಟಗೆ ಬಿದ್ದಿದ್ದರೆ ದರ್ಜಿ ಎಷ್ಟು ನೇರ ಕತ್ತರಿಸಿದರೂ ಕಿಟಕಿಯಲ್ಲಿ ಗೆರೆ ಓರೆಯಾಗೇ ನಿಲ್ಲುತ್ತದೆ. ಬಫಲೋ ಚೆಕ್‌ನ ಕಪ್ಪು ಬಿಳುಪು ಈಗಿನ ಹುಚ್ಚು, ನಾಳೆ ಇಳಿದೀತು. ಬಣ್ಣ, ಚೌಕದ ಅಳತೆ ಫ್ಯಾಷನ್ನಿಗೆ ಸೇರಿದವು. ನೇಯ್ಗೆಯ ಚೌಕುಳಿ ಅದರ ಕೈಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಹೊಲದ ಧೂಳು ಒಳಮನೆಯವರೆಗೂ ಬರುವ ಈ ಊರುಗಳಿಗೆ ಗಾಳಿಯಾಡುವ, ಕಲೆ ಎದ್ದು ಕಾಣಿಸದ ನೂಲಿನ ಚೌಕುಳಿಯೇ ಸರಿ. ಒಂದು ಕೋಣೆಗೆ ಒಂದೇ ಚೌಕುಳಿ ಇರಲಿ. ಪರದೆಗೆ ಹಾಕಿದರೆ ಸೋಫಾ ಸಾದಾ ಇರಲಿ.

ಇಂಥ ಬಟ್ಟೆ ನೇಯುವ ಕೈಮಗ್ಗಕ್ಕೆ ಕಾನೂನಿನ ಆಸರೆಯೂ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಇಂದು 11 ಬಗೆಯ ಬಟ್ಟೆಗಳು ಕೈಮಗ್ಗಕ್ಕೆ ಮೀಸಲಾಗಿವೆ. ಸೀರೆ, ಧೋತರದ ಜೊತೆಗೆ ಲುಂಗಿ, ಟವೆಲ್, ಜಮಖಾನ, ಹಾಸು ಹೊದಿಕೆ, ಪರದೆ ಬಟ್ಟೆಗಳೂ ಆ ಪಟ್ಟಿಯಲ್ಲಿವೆ. ನಿಗದಿತ ಲಕ್ಷಣದ ಈ ಬಟ್ಟೆಗಳನ್ನು ವಿದ್ಯುತ್ ಮಗ್ಗ ನೇಯುವಂತಿಲ್ಲ. ಆದರೆ ಕೊಳ್ಳುವವರು ಕೇಳದಿದ್ದರೆ ಕಾಯ್ದೆಯೊಂದರಿಂದ ಮಗ್ಗ ಆಡುವುದಿಲ್ಲ. ಮುಂದಿನ ಸಲ ಪರದೆಗೋ ದಿಂಬಿಗೋ ಬಟ್ಟೆ ಆರಿಸುವಾಗ ಅಂಗಡಿಯವರಿಗೆ ಥಾನು ಬಿಚ್ಚಲು ಹೇಳಿ, ಹಿಂಬದಿ ತಿರುವಿ ನೋಡಿ. ಎರಡೂ ಬದಿ ಒಂದೇ ಬಣ್ಣ ಇದ್ದರೆ, ಮೇಲೆ ಕೈಮಗ್ಗದ ಗುರುತೂ ಇದ್ದರೆ, ಧೈರ್ಯವಾಗಿ ಕೊಳ್ಳಿ. ಅಟ್ಟದ ಮೇಲಿನ ಕೌದಿಯನ್ನೂ ಕೆಳಗಿಳಿಸಿ ಪಡಸಾಲೆಯಲ್ಲಿ ಹಾಸಿ.