ತಂಬೂರಿ ಎಲ್ಲಿ ಹೋಯ್ತು?

ದೀಪಾವಳಿ ರಜೆಗೆ ಕಂಪ್ಲಿಗೆ ಹೋದಾಗ ಅಜ್ಜನ ಕಿವಿಗೆ ನನ್ನ ಹೊಸ ಹೆಡ್‌ಫೋನ್ ಹಾಕಿ, ಗಂಗೂಬಾಯಿ ಹಾನಗಲ್ ಅವರ ಹಳೇ ರೆಕಾರ್ಡಿಂಗ್ ಒಂದನ್ನು ಹಚ್ಚಿದೆ. ಆ್ಯಪ್‌ನಲ್ಲಿ 'ರೀಮಾಸ್ಟರ್ಡ್' ಅಂತ ದೊಡ್ಡದಾಗಿ ಬರೆದಿತ್ತು. ಎರಡು ನಿಮಿಷ ಕೇಳಿದ ಅಜ್ಜ ಹೆಡ್‌ಫೋನ್ ತೆಗೆದಿಟ್ಟು, "ಇದರಾಗ ತಂಬೂರಿ ಎಲ್ಲೈತಪ್ಪಾ?" ಅಂದ. ನಾನು ನಕ್ಕುಬಿಟ್ಟೆ. ಆಮೇಲೆ ಅದೇ ರೆಕಾರ್ಡಿಂಗನ್ನು ಅಜ್ಜನ ಕ್ಯಾಸೆಟ್‌ನಲ್ಲಿ ಕೇಳಿದರೆ, 'ಸ್ಸ್' ಅನ್ನೋ ಸದ್ದಿನ ಹಿಂದೆ ತಂಬೂರಿ ಝೇಂಕರಿಸ್ತಾ ಇತ್ತು. ಆ್ಯಪ್‌ನಲ್ಲಿ 'ಸ್ಸ್' ಇಲ್ಲ, ತಂಬೂರಿನೂ ಇಲ್ಲ.

ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಇದರ ಕಾರಣ ಊಹಿಸಬಹುದು. ನಾಯ್ಸ್ ರಿಡಕ್ಷನ್ ಸಾಫ್ಟ್‌ವೇರ್ ಹುಡುಕೋದು ಬದಲಾಗದೆ ಒಂದೇ ಸಮ ಬರೋ ಸದ್ದನ್ನು. ಫ್ಯಾನಿನ ಸದ್ದು, ಟೇಪಿನ ಸದ್ದು ಎಲ್ಲಾ ಹಾಗೇ ಇರುತ್ತೆ. ತಂಬೂರಿಯೂ ಹೆಚ್ಚುಕಡಿಮೆ ಹಾಗೇ! ಅದರ ಜವಾರಿಯಿಂದ ಹುಟ್ಟೋ ಸಣ್ಣ ಸಣ್ಣ ಮೇಲಿನ ಸ್ವರಗಳು ಟೇಪಿನ ಸದ್ದು ಇರೋ ಜಾಗದಲ್ಲೇ ಇರ್ತವೆ. ಸೆಟ್ಟಿಂಗ್ ಸ್ವಲ್ಪ ಜಾಸ್ತಿ ಮಾಡಿದರೆ ಕಸದ ಜೊತೆ ಅದೂ ಗುಡಿಸಿಹೋಗುತ್ತೆ. ಹಾಡುವವರು ಯಾವ ಷಡ್ಜಕ್ಕೆ ಹೊಂದಿಕೊಂಡು ಹಾಡ್ತಿದ್ದಾರೆ ಅನ್ನೋದೇ ಮಸುಕಾದ ಮೇಲೆ ಅದನ್ನ 'ಕ್ಲೀನ್' ಅಂತ ಹೊಗಳೋದು ನನಗೆ ಒಪ್ಪಿಗೆ ಇಲ್ಲ. ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳನ್ನ ಯಾರಾದರೂ ಉಜ್ಜಿ ಪಾಲಿಶ್ ಮಾಡಿದರೆ ನಾವು ಸುಮ್ಮನಿರ್ತೀವಾ?

ಇದಕ್ಕಿಂತ ದೊಡ್ಡ ತಕರಾರು ವೇಗದ್ದು. ಗಂಗೂಬಾಯಿಯವರು 1930ರ ದಶಕದಲ್ಲಿ, ಗಾಂಧಾರಿ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ್ದರು. ಆಗಿನವು ನಿಮಿಷಕ್ಕೆ 78 ಸುತ್ತು ತಿರುಗೋ ತಟ್ಟೆಗಳು, ಒಂದು ಬದಿಗೆ ಸುಮಾರು 3 ನಿಮಿಷ. ಇಳಿಸಿಕೊಳ್ಳುವಾಗ ಆ ತಟ್ಟೆ 78ರ ಬದಲು 82-83 ಸುತ್ತು ತಿರುಗಿದರೆ ಧ್ವನಿ ಪೂರ್ತಿ ಒಂದು ಸ್ವರಸ್ಥಾನ ಮೇಲೇರುತ್ತೆ. ಅಂದ್ರೆ ಬರೀ ಶೇ. 6ರ ತಪ್ಪು.

ಈಗ ಯೋಚಿಸಿ. ನಮಗೆಲ್ಲ ಗೊತ್ತಿರೋದು ಗಂಗೂಬಾಯಿಯವರ ಆ ಗಡಸು, ಗಂಡಸರಂಥ ಧ್ವನಿ. ಅದು ಬಂದದ್ದು ಗಂಟಲಿನ ತೊಂದರೆ, ಚಿಕಿತ್ಸೆ ಎಲ್ಲ ಆದ ಮೇಲೆ. ಮೊದಲಿನ ತಟ್ಟೆಗಳಲ್ಲಿ ಇರೋದು ತೆಳು, ಎತ್ತರದ ಹೆಣ್ಣುಧ್ವನಿ. ಇಸವಿ ಹಾಕದೇ ಬಿಡುಗಡೆ ಮಾಡಿದರೆ ಕೇಳುವವನಿಗೆ ಹೇಗೆ ಗೊತ್ತಾಗಬೇಕು, ಧ್ವನಿ ಎತ್ತರ ಇರೋದು ವಯಸ್ಸಿನಿಂದಲೋ, ತಟ್ಟೆ ಜೋರಾಗಿ ತಿರುಗಿದ್ದಕ್ಕೋ? ಯಾವನೋ ಜಾಣ ಅದನ್ನ 'ಸರಿಮಾಡಿ' ಕೆಳಗಿಳಿಸಿದರೆ, ಒಬ್ಬ ಗಾಯಕಿಯ ಯೌವನವೇ ಅಳಿಸಿಹೋಗುತ್ತೆ. ಆದ್ರೆ ಆ್ಯಪ್ ನೋಡಿ, ಮೂಲ ಇಸವಿ ಇಲ್ಲ, ತಬಲಾ ಯಾರು, ಹಾರ್ಮೋನಿಯಂ ಯಾರು ಅಂತ ಇಲ್ಲ. ಬಣ್ಣಬಣ್ಣದ ಫೋಟೋ ಮಾತ್ರ ಇದೆ, ಅದೂ ಮುಪ್ಪಿನದು.

ನನ್ನ ರೂಮ್‌ಮೇಟ್ ಸಂಡೂರಿನವನು. "ಆ ಕರಕರ ಯಾರು ಕೇಳ್ತಾರಲೇ?" ಅಂತಾನೆ. ಅವನ ಮಾತಲ್ಲೂ ನ್ಯಾಯ ಇದೆ. ತಟ್ಟೆಯ ಗೀರಿನ 'ಟಿಕ್ ಟಿಕ್' ತೆಗೀಲಿ, ಅದರಿಂದ ಸಂಗೀತಕ್ಕೆ ಅಷ್ಟೇನೂ ನಷ್ಟ ಇಲ್ಲ. 'ಸ್ಸ್' ಮಾತ್ರ ಸ್ವಲ್ಪ ಇರಲಿ, ಹತ್ತು ನಿಮಿಷಕ್ಕೆ ಕಿವಿ ಅದನ್ನ ಮರೆತುಬಿಡುತ್ತೆ. ಹೊಸ ರೆಕಾರ್ಡಿಂಗ್‌ಗಳಲ್ಲಿ ಈ ತಲೆನೋವಿಲ್ಲ. ಅಲ್ಲಿ ನನ್ನ ಬೇಜಾರು ಬೇರೆ: ಆಲಾಪದ ಪಿಸುಮಾತು, ತಾನಿನ ಅಬ್ಬರ ಎರಡನ್ನೂ ಒಂದೇ ಮಟ್ಟಕ್ಕೆ ಏರಿಸಿಟ್ಟಿರ್ತಾರೆ, ಫೋನ್ ಸ್ಪೀಕರಿಗೆ ಹೊಂದಲಿ ಅಂತ.

ಪುರಂದರದಾಸರು ಹೇಗೆ ಹಾಡ್ತಿದ್ರು ಅಂತ ಕೇಳೋಕೆ ನಮಗೆ ದಾರಿಯಿಲ್ಲ. ಹಂಪಿಯ ಪುರಂದರ ಮಂಟಪದಲ್ಲಿ ಕೂತರೆ ತುಂಗಭದ್ರೆಯ ಸದ್ದು ಕೇಳುತ್ತೆ, ಅಷ್ಟೇ. ಗಂಗೂಬಾಯಿಯವರದು ಹಾಗಲ್ಲ, ಧ್ವನಿ ಇನ್ನೂ ಕೈಯಲ್ಲಿದೆ.

ಅಜ್ಜನ ಕ್ಯಾಸೆಟ್ಟನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬಂದಿದ್ದೀನಿ, ಏನೂ ತಿದ್ದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕು ಅನ್ನೋರು ಹಾಸ್ಟೆಲ್‌ಗೆ ಬನ್ನಿ. ಇಯರ್‌ಫೋನ್ ನಿಮ್ಮದೇ ತನ್ನಿ.