ಟೇಪಿಗೆ ಬೆಲೆಯಿತ್ತು

ಬೆಂಕಿ ಬಿದ್ದರೆ ಹೊಗೆಯಾದರೂ ಕಾಣುತ್ತದೆ, ಅಕ್ಕಪಕ್ಕದವರು ಕೊಡ ಹಿಡಿದು ಓಡಿ ಬರುತ್ತಾರೆ. ಟೇಪ್ ಅಳಿಸುವುದಕ್ಕೆ ಅಷ್ಟು ರಂಪ ಬೇಕಿಲ್ಲ. ಎರಡು ಇಂಚು ಅಗಲದ ಕಂದು ಪಟ್ಟಿ. ಎತ್ತಲು ಎರಡೂ ಕೈ ಬೇಕಾಗುವಷ್ಟು ಭಾರದ ಸುರುಳಿ. ಪಟ್ಟಿಯ ಮೈಗೆ ಮೆತ್ತಿದ ಕಬ್ಬಿಣದ ಆಕ್ಸೈಡಿನ ಪುಡಿಯಲ್ಲೇ ನಟನ ಮುಖ, ನಟಿಯ ದನಿ, ಮಳೆ, ಜಗಳ, ನಗು ಎಲ್ಲ ಕೂತಿರುತ್ತವೆ. ಸುರುಳಿಯನ್ನು ಮತ್ತೆ ಯಂತ್ರಕ್ಕೆ ಏರಿಸಿ ರೆಕಾರ್ಡ್ ಗುಂಡಿ ಒತ್ತಿ. ಪಟ್ಟಿಗೆ ಮೊದಲು ಎದುರಾಗುವುದು ಅಳಿಸುವ ಹೆಡ್ಡು, ಅದರ ಬೆನ್ನಿಗೇ ಬರೆಯುವ ಹೆಡ್ಡು. ಹಳೆಯದು ಹೋಗುವುದೂ ಹೊಸದು ಕೂರುವುದೂ ಒಂದೇ ಓಟದಲ್ಲಿ. ವಾಸನೆಯಿಲ್ಲ, ಬೂದಿಯಿಲ್ಲ, ಅಳುವವರೂ ಇಲ್ಲ.

ಬ್ರೆಜಿಲಿನ ಟಿವಿ ಟುಪಿ ತನ್ನ ಹೆಸರಾಂತ ಧಾರಾವಾಹಿಯನ್ನು ಹೀಗೆಯೇ ಕೊಂದಿತು. ಅದರ ಹೆಸರು "ಬೆಟೊ ರಾಕ್‌ಫೆಲ್ಲರ್". 1968ರ ನವೆಂಬರಿನಲ್ಲಿ ಶುರುವಾಗಿ ಒಂದು ವರ್ಷ ಓಡಿತು. ಸಾವೊ ಪಾಲೊದ ಬೂಟಿನಂಗಡಿಯಲ್ಲಿ ದುಡಿಯುವ ಹುಡುಗ, ಸಂಜೆಯಾದರೆ ಶ್ರೀಮಂತರ ಪಾರ್ಟಿಗೆ ನುಗ್ಗಿ, ತಾನು ಅಮೆರಿಕದ ಕುಬೇರನ ದೂರದ ನೆಂಟ ಎಂದು ಬೊಗಳೆ ಬಿಡುತ್ತಾನೆ. ಕಥೆ ಇಷ್ಟೆ. ಅಲ್ಲಿಯವರೆಗೆ ಆ ದೇಶದ ನೊವೆಲಾ ಎಂಬ ಟಿವಿ ಧಾರಾವಾಹಿಗಳಲ್ಲಿ ಮೆರೆಯುತ್ತಿದ್ದವರು ಅರಬ್ಬೀ ಶೇಖರು, ಯುರೋಪಿನ ಕೌಂಟ್‌ಗಳು. ಮಾತೂ ಪುಸ್ತಕದ ಮಾತೇ. ಬ್ರೌಲಿಯೊ ಪೆದ್ರೊಸೊ ಬರೆದು, ಲಿಮಾ ದುವಾರ್ತಿ ನಿರ್ದೇಶಿಸಿದ ಈ ಧಾರಾವಾಹಿ ಬೀದಿಯ ಪೋರ್ಚುಗೀಸನ್ನು ನಡುಮನೆಗೆ ತಂದು ಕೂರಿಸಿತು. ನಾಯಕ ಲುಯಿಸ್ ಗುಸ್ತಾವೊ ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನೂ ಹೊಸೆದು ಹೇಳುತ್ತಿದ್ದರು. (ಕುಡಿದ ಮರುದಿನದ ತಲೆನೋವಿಗೆ ನುಂಗುವ ಮಾತ್ರೆಯೊಂದರ ಹೆಸರನ್ನು ಮಾತಿನ ನಡುವೆ ತೂರಿಸಿ ನಾಲ್ಕು ಕಾಸೂ ಮಾಡಿಕೊಂಡರಂತೆ. ಕಥೆಯೊಳಗೆ ಜಾಹೀರಾತು ಬಚ್ಚಿಡುವ ವಿದ್ಯೆ ಅಲ್ಲಿ ಆಗಲೇ ಚಿಗುರಿತ್ತು.) ಬ್ರೆಜಿಲ್ ಇವತ್ತು ಜಗತ್ತಿಗೆಲ್ಲ ನೊವೆಲಾ ಮಾರುತ್ತದಲ್ಲ, ಅದರ ಬೇರು ಇಲ್ಲಿದೆ.

ಬೇರಿನಲ್ಲಿ ಈಗ ಉಳಿದಿರುವುದು ಒಂದಷ್ಟು ಚೂರು. ಮಿಕ್ಕ ಟೇಪುಗಳ ಮೇಲೆ ಬೇರೆ ಕಾರ್ಯಕ್ರಮ ಹತ್ತಿಸಿದರು.

ಇಲ್ಲದ್ದು ಬೇರೆ, ಅಳಿಸಿದ್ದು ಬೇರೆ. 1950ರ ಸೆಪ್ಟೆಂಬರ್ 18ರಂದು ಟುಪಿ ಪ್ರಸಾರ ಶುರು ಮಾಡಿದಾಗ ವಿಡಿಯೊಟೇಪ್ ಎಂಬ ವಸ್ತುವೇ ಮಾರುಕಟ್ಟೆಯಲ್ಲಿರಲಿಲ್ಲ. 1951ರ ಕೊನೆಯಲ್ಲಿ ಶುರುವಾದ ಆ ದೇಶದ ಮೊದಲ ನೊವೆಲಾದಲ್ಲಿ ವಿದಾ ಆಲ್ವಿಸ್ ಮತ್ತು ವಾಲ್ತೆರ್ ಫೋರ್ಸ್ಟೆರ್ ಕೊಟ್ಟುಕೊಂಡ ಮುತ್ತು ಬ್ರೆಜಿಲ್ ಟಿವಿಯ ಮೊದಲ ಮುತ್ತು. ಎಲ್ಲ ನೇರ ಪ್ರಸಾರ. ಆ ಕ್ಷಣಕ್ಕೆ ಕಂಡಿತು, ಕರಗಿತು. ಅದಕ್ಕೆ ಯಾರನ್ನೂ ಬೈಯಲಾರೆ. ವಿದಾ ಆಲ್ವಿಸ್ ಮುಂದೆ ಮುಪ್ಪಿನ ವಯಸ್ಸಿನಲ್ಲಿ ಹಳೆಯ ಟಿವಿಯವರನ್ನೆಲ್ಲ ಒಟ್ಟು ಹಾಕಿ, ಅವರ ನೆನಪು, ಫೋಟೊ, ಕಾಗದಪತ್ರ ಕೂಡಿಡಲು ಒದ್ದಾಡಿದರು. ಕಂಪನಿ ಮಾಡಬೇಕಿದ್ದ ಕೆಲಸವನ್ನು ನಟಿ ಮಾಡಿದರು. ಕೈಯಲ್ಲಿದ್ದ ಬೆಟೊವನ್ನು ಅಳಿಸಿದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ.

"ಸ್ವಾಮಿ, ಟೇಪು ದುಬಾರಿ, ಹೊರದೇಶದ ಮಾಲು, ಕಂಪನಿ ಸಾಲದಲ್ಲಿ ಮುಳುಗಿತ್ತು" ಎಂದು ಸಮಜಾಯಿಷಿ ಕೊಡುವವರಿದ್ದಾರೆ. ನಿಜ, ಎಲ್ಲ ನಿಜ. ಲೆಕ್ಕದ ಪುಸ್ತಕದಲ್ಲಿ ಖಾಲಿ ಟೇಪಿಗೆ ಬೆಲೆಯಿತ್ತು, ತುಂಬಿದ ಟೇಪಿಗೆ ಇರಲಿಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಯಾಕೆಂದರೆ ಈ ಮನೆತನಕ್ಕೆ ಕಲೆಯ ಬೆಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಟುಪಿಯನ್ನು ಕಟ್ಟಿದ ಪತ್ರಿಕಾ ದೊರೆ ಅಸಿಸ್ ಶಾತೊಬ್ರಿಯಾಂ 1947ರಲ್ಲಿ ಸಾವೊ ಪಾಲೊದಲ್ಲಿ ಕಲಾ ಸಂಗ್ರಹಾಲಯವನ್ನೇ ತೆರೆದವನು. ಸಾಹುಕಾರರ ಕುತ್ತಿಗೆಯ ಮೇಲೆ ಕೂತು ದುಡ್ಡು ವಸೂಲಿ ಮಾಡಿ ರೆನ್ವಾ, ವ್ಯಾನ್ ಗೋ ಚಿತ್ರಗಳನ್ನು ಹೊರದೇಶದಿಂದ ತರಿಸಿದವನು. ಅವನು 1968ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅದೇ ನವೆಂಬರಿನಲ್ಲಿ ಆ ಸಂಗ್ರಹಾಲಯದ ಹೊಸ ಕಟ್ಟಡವನ್ನು ಇಂಗ್ಲೆಂಡಿನ ರಾಣಿ ಬಂದು ಉದ್ಘಾಟಿಸಿದಳು. ಬೆಟೊ ಶುರುವಾದದ್ದೂ ಅದೇ ತಿಂಗಳು! ಒಂದು ಕಡೆ ಪರದೇಶದ ಕ್ಯಾನ್ವಾಸಿಗೆ ಗಾಜು, ಕಾವಲು, ರಾಣಿಯ ಸವಾರಿ. ಇನ್ನೊಂದು ಕಡೆ ತಮ್ಮದೇ ಊರಿನ ಬೂಟಿನಂಗಡಿ ಹುಡುಗನಿಗೆ ಅಳಿಸುವ ಹೆಡ್ಡು. ಇಬ್ಬರನ್ನೂ ಸಾಕಿದ್ದು ಒಬ್ಬನೇ ಯಜಮಾನನ ಸಾಮ್ರಾಜ್ಯ.

ಟೇಪನ್ನು ಕಂಡಂತೆಯೇ ಟೇಪು ತುಂಬಿದವರನ್ನೂ ಕಂಡರು. ಟುಪಿಯಲ್ಲಿ ಸಂಬಳವಿಲ್ಲ, ಮುಷ್ಕರದ ಮೇಲೆ ಮುಷ್ಕರ. 1980ರ ಜುಲೈ 18ರಂದು ಮಿಲಿಟರಿ ಸರ್ಕಾರ ಪರವಾನಗಿ ರದ್ದು ಮಾಡಿ ಪ್ರಸಾರಯಂತ್ರಗಳಿಗೆ ಬೀಗಮುದ್ರೆ ಹಾಕಿತು. ರಿಯೊದಲ್ಲಿ ನೌಕರರು ಕೊನೆಯ ಗಳಿಗೆಯವರೆಗೆ ಕ್ಯಾಮೆರಾದ ಮುಂದೆ ಕೂತು ಅಂಗಲಾಚಿದರು. ತೆರವಾದ ಚಾನೆಲ್‌ಗಳನ್ನು ಟಿವಿ ನಿರೂಪಕ ಸಿಲ್ವಿಯೊ ಸಾಂತೊಸ್ ಮತ್ತು ಪತ್ರಿಕಾ ಪ್ರಕಾಶಕ ಅದೊಲ್ಫೊ ಬ್ಲೋಕ್ ಹಂಚಿಕೊಂಡರು. ಬ್ಲೋಕ್ ಕಟ್ಟಿದ ಮಾನ್ಶೆತೆ ಚಾನೆಲ್ಲೂ 1999ರಲ್ಲಿ ಮುಳುಗಿತು. ಅದು ಬೇರೆ ಗೋಳು.

ಅಳಿಸದೆ ಉಳಿದ ಟುಪಿಯ ಸುರುಳಿಗಳು ಸಾವೊ ಪಾಲೊದ ಸಿನೆಮಾತೆಕಾ ಬ್ರೆಜಿಲೇರಾ ಸೇರಿದವು. ದೇಶದ ದೃಶ್ಯನೆನಪಿನ ಉಗ್ರಾಣ ಅದು. ಅಲ್ಲಿ ಸುಖವಾಗಿದ್ದವೆಂದುಕೊಂಡಿರಾ? 2016ರಲ್ಲಿ ಅದೇ ಸಂಸ್ಥೆಯಲ್ಲಿ ಸುಮಾರು ಸಾವಿರ ನೈಟ್ರೇಟ್ ಫಿಲ್ಮ್ ಸುರುಳಿಗಳು ಸುಟ್ಟವು. 2019ರ ಜನವರಿಯಲ್ಲಿ ಬೊಲ್ಸೊನಾರೊ ಅಧ್ಯಕ್ಷನಾಗಿ ಅಧಿಕಾರಕ್ಕೆ ಬಂದವನೇ ಸಂಸ್ಕೃತಿ ಸಚಿವಾಲಯವನ್ನೇ ಮುಚ್ಚಿದ. ಆ ವರ್ಷದ ಕೊನೆಗೆ ಸಿನೆಮಾತೆಕಾ ನಡೆಸುವ ಗುತ್ತಿಗೆ ಮುಗಿಯಿತು, ನವೀಕರಿಸಲಿಲ್ಲ. 2020ರಲ್ಲಿ ಗೋದಾಮಿಗೆ ನೆರೆನೀರು ನುಗ್ಗಿತು. ನೌಕರರಿಗೆ ಸಂಬಳ ನಿಂತಿತು. ಆಗಸ್ಟಿನಲ್ಲಿ ಸರ್ಕಾರ ಬಂದು ಕೀಲಿಕೈ ಕಸಿದುಕೊಂಡಿತು, ಅಷ್ಟೂ ತಜ್ಞರನ್ನು ಮನೆಗೆ ಕಳಿಸಿದರು. ಯಾವ ಡಬ್ಬಿ ಯಾವ ಕಪಾಟಿನಲ್ಲಿದೆ, ಯಾವುದಕ್ಕೆ ಕೊಳೆಯುವ ಫಿಲ್ಮಿನ ಹುಳಿವಾಸನೆ ಹತ್ತಿದೆ ಎಂದು ಮೂಗಿನಿಂದಲೇ ಬಲ್ಲವರು ಬೀದಿಯಲ್ಲಿ, ಒಳಗೆ ಬೀಗ.

ಸುಮ್ಮನಿದ್ದರೇ ಅವರು? 2021ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಬರೆದು ಸಾರಿದರು: ಬೆಂಕಿ ಬೀಳುತ್ತದೆ, ನೋಡಿಕೊಳ್ಳಿ. ಸರ್ಕಾರಿ ವಕೀಲರು ಅದಕ್ಕೂ ಮುಂಚೆಯೇ ಕೋರ್ಟಿಗೆ ಹೋಗಿದ್ದರು. ಜುಲೈ 29ರ ಸಂಜೆ ವಿಲಾ ಲಿಯೊಪೊಲ್ದಿನಾದ ಗೋದಾಮು ಹೊತ್ತಿಕೊಂಡಿತು. ಏಸಿ ರಿಪೇರಿ ನಡೆಯುತ್ತಿತ್ತಂತೆ. ಮೂರೇ ವರ್ಷದ ಹಿಂದೆ ರಿಯೊದ ರಾಷ್ಟ್ರೀಯ ಸಂಗ್ರಹಾಲಯ, ಇನ್ನೂರು ವರ್ಷದ ಸಂಸ್ಥೆ, ಸುಟ್ಟು ಬೂದಿಯಾದದ್ದೂ ಏಸಿಯಿಂದಲೇ ಎಂದು ಪೊಲೀಸರು ಷರಾ ಬರೆದಿದ್ದರು. ಆ ಸಂಗ್ರಹಾಲಯದ ಹತ್ತಿರದ ಹೈಡ್ರಂಟುಗಳಲ್ಲಿ ಅವತ್ತು ನೀರೂ ಇರಲಿಲ್ಲ. ಒಂದೇ ಪಾಠವನ್ನು ಎರಡು ಸಲ ಸುಟ್ಟುಕೊಂಡರೂ ಕಲಿಯದವರನ್ನು ದಡ್ಡರೆನ್ನಲಾರೆ. ದಡ್ಡರಿಗೆ ಮಾಫಿಯುಂಟು. ಇವರಿಗೆ ಬೇಡವಾಗಿತ್ತು, ಅಷ್ಟೇ.

ಗೋದಾಮಿಗೆ ಬೆಂಕಿ ಬಿದ್ದ ಮೇಲೆ ನೌಕರರು ಅಲ್ಲಿ ಏನೇನಿತ್ತೆಂದು ಪಟ್ಟಿ ಹೊರಡಿಸಿದರು. ಸುದ್ದಿಚಿತ್ರಗಳು, ಜಾಹೀರಾತು, ಮನೆಯವರು ತೆಗೆದ ಸಣ್ಣ ಸಿನಿಮಾಗಳು, ಸರ್ಕಾರಿ ಚಿತ್ರಸಂಸ್ಥೆಯ ಕಾಗದಪತ್ರಗಳು. ನಡುವೆ ಒಬ್ಬ ಟಿವಿ ಪತ್ರಕರ್ತನ ಹೆಸರು: ಗುಲಾರ್ತ್ ಜಿ ಆಂದ್ರಾಜಿ. ಊರು ಮಲಗಿದ ಮೇಲೆ ಕ್ಯಾಮೆರಾ ಹೊರಿಸಿಕೊಂಡು ಸಾವೊ ಪಾಲೊದ ಕತ್ತಲಿಗೆ ಇಳಿದು, ಯಾರೂ ತೋರಿಸದವರನ್ನು ತೋರಿಸುತ್ತಿದ್ದ ಮನುಷ್ಯ. ಹೊರಡುವಾಗ ನೋಡುಗರತ್ತ ತಿರುಗಿ "ಬನ್ನಿ ನನ್ನ ಜೊತೆ" ಎನ್ನುವುದು ಅವರ ರೂಢಿ. ಅವರು 2016ರಲ್ಲೇ ತೀರಿಕೊಂಡರು. ಅವರ ಟೇಪುಗಳ ಒಂದು ಪಾಲು ಆ ಗೋದಾಮಿನಲ್ಲಿತ್ತು.